ನೂರಕ್ಕೆ ಅರವತ್ತೆಂಟು

2010ರ ಏಪ್ರಿಲಿನಲ್ಲಿ ಜಪಾನಿನಿಂದ ಒಂದು ವಿಡಿಯೋ ಗೇಮ್ ಬಂತು. ಹೆಸರು 'ನಿಯರ್'. ಮಾಡಿದ್ದು ಕ್ಯಾವಿಯಾ ಎಂಬ ಕಂಪನಿ, ಹೊರತಂದಿದ್ದು ಸ್ಕ್ವೇರ್ ಎನಿಕ್ಸ್, ನಿರ್ದೇಶಕ ಯೋಕೋ ತಾರೋ. ಕತ್ತಿ, ಮಂತ್ರ, ಮಾತಾಡುವ ಪುಸ್ತಕ, ಕಪ್ಪು ನೆರಳಿನಂಥ ಭೂತಗಳು, ಇಂಥದ್ದೆಲ್ಲ ಇರುವ ಆಕ್ಷನ್ ಆರ್‌ಪಿಜಿ. ತೀರಾ ಚಿಲ್ಲರೆ ದುಡ್ಡಿನದ್ದೂ ಅಲ್ಲ, ಅದೇ ಸ್ಕ್ವೇರ್ ಎನಿಕ್ಸಿನ 'ಫೈನಲ್ ಫ್ಯಾಂಟಸಿ' ಥರ ಹಣ ಸುರಿದು ಮಾಡಿದ್ದೂ ಅಲ್ಲ. ನಡುವಿನದ್ದು. ವಿಮರ್ಶಕರೆಲ್ಲ ಕೊಟ್ಟ ಅಂಕಗಳನ್ನು ಗುಡ್ಡೆ ಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದರ ಪ್ಲೇಸ್ಟೇಷನ್ 3 ಆವೃತ್ತಿಗೆ ಸಿಕ್ಕಿದ್ದು ನೂರಕ್ಕೆ 68.

ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಾದರೆ 68 ಅಂದರೆ ಫಸ್ಟ್ ಕ್ಲಾಸ್, ಪಕ್ಕದ ಮನೆಗೆ ಪೇಡೆ ಹಂಚಬಹುದಿತ್ತು. ಗೇಮುಗಳ ಲೋಕದ ಲೆಕ್ಕವೇ ಬೇರೆ. ಅಲ್ಲಿ 90 ಅಂದರೆ ಅದ್ಭುತ, 80 ಅಂದರೆ ಪರವಾಗಿಲ್ಲ, 70ಕ್ಕಿಂತ ಕೆಳಗೆ ಇಳಿದರೆ 'ದುಡ್ಡು ಉಳಿಸ್ಕೊಳ್ಳಿ' ಅಂತ ಅರ್ಥ. ಐವತ್ತರ ಕೆಳಗಿನ ಅಂಕಗಳು ಸುಮ್ಮನೆ ಶೋಭೆಗೆ ಇವೆ.

ಈ 68 ತಪ್ಪು ಅಂತ ಹೇಳುವುದಕ್ಕೆ ಇದನ್ನು ಬರೀತಿದ್ದೀನಿ ಅಂದುಕೊಳ್ಳಬೇಡಿ. ಅದು ಯಾವುದಕ್ಕೆ ಕೊಟ್ಟ ಅಂಕ ಅನ್ನುವುದು ನನ್ನ ಪ್ರಶ್ನೆ.

ಮೊದಲು ವಿಮರ್ಶಕರ ಪರವಾಗಿಯೇ ಮಾತಾಡೋಣ. ಆಟ ನೋಡುವುದಕ್ಕೆ ಚಂದ ಇರಲಿಲ್ಲ. 2010ರಲ್ಲೇ ಅದು ಐದು ವರ್ಷ ಹಳೆಯದರ ಹಾಗೆ ಕಾಣುತ್ತಿತ್ತು. ಬಯಲು ಬಣಬಣ. ಊರಿನವರು ಹೇಳುವ ಕೆಲಸಗಳೋ, ದೇವರೇ ಗತಿ. ಹತ್ತು ಕುರಿ ಮಾಂಸ ತಾ, ಆ ಊರಿಗೆ ಹೋಗಿ ಈ ಪೊಟ್ಟಣ ಕೊಟ್ಟು ಬಾ, ಒಡೆಯದ ಹಾಗೆ ಹಿಡಕೊಂಡು ಓಡು. ಆಫೀಸಿನಲ್ಲಿ ಇದನ್ನೇ ಮಾಡಿ ಮನೆಗೆ ಬಂದವನು ಮತ್ತೆ ಇದನ್ನೇ ಮಾಡಬೇಕಾ ಅಂತ ಯಾರಿಗಾದರೂ ಅನಿಸುತ್ತದೆ. ಇದನ್ನೆಲ್ಲ ಬರೆದ ವಿಮರ್ಶಕರು ಸುಳ್ಳು ಬರೆದಿಲ್ಲ. ಹೊಗಳಿದ್ದು ಹೆಚ್ಚಾಗಿ ಸಂಗೀತವನ್ನು. ಬೈದವರೂ ಸಂಗೀತಕ್ಕೆ ಮಾತ್ರ ಕೈ ಮುಗಿದರು. ಕೇಯಿಚಿ ಒಕಾಬೆ ತಂಡದ ಸಂಗೀತ, ಹಾಡಿದವರು ಎಮಿ ಇವಾನ್ಸ್. ಆ ಹಾಡುಗಳು ಯಾವ ಭಾಷೆಯಲ್ಲೂ ಇಲ್ಲ! ಈಗಿನ ಭಾಷೆಗಳು ಸಾವಿರ ವರ್ಷದ ನಂತರ ಸವೆದು ಸವೆದು ಹೇಗಾಗಿರಬಹುದು ಅಂತ ಊಹಿಸಿಕೊಂಡು ಆಕೆ ತಾನೇ ಕಟ್ಟಿದ ಮಾತುಗಳು. ಅರ್ಥ ಆಗದಿದ್ದರೂ ಎದೆಗೆ ನಾಟುತ್ತವೆ.

ಆ ಕಾಲದ ಒಂದು ಪ್ರಸಂಗ ಗೇಮು ಆಡುವವರ ನಡುವೆ ದಂತಕಥೆಯೇ ಆಗಿಬಿಟ್ಟಿದೆ. ಆಟದ ಶುರುವಿನಲ್ಲೇ ಕಡಲ ತೀರದ ಊರಲ್ಲಿ ನಾಯಕ ಒಂದು ಮೀನು ಹಿಡಿಯಬೇಕು. ಹಿಡಿಯದೆ ಕಥೆ ಮುಂದೆ ಹೋಗುವುದಿಲ್ಲ. ಅಮೆರಿಕದ ಒಂದು ಹೆಸರಾಂತ ಸೈಟಿನ ವಿಮರ್ಶಕ ಗಾಳ ಹಾಕಿದ, ಹಾಕಿದ, ಮೀನು ಸಿಗಲೇ ಇಲ್ಲ. ರೋಸಿಹೋಗಿ ಅಲ್ಲೇ ಆಟ ಬಿಟ್ಟು, ಬಿಟ್ಟೆ ಅಂತ ಬಹಿರಂಗವಾಗಿ ಬರೆದ. ಆಮೇಲೆ ಗೊತ್ತಾಗಿದ್ದೇನೆಂದರೆ ಪುಣ್ಯಾತ್ಮ ಗಾಳ ಹಾಕುತ್ತಿದ್ದದ್ದೇ ಬೇರೆ ಜಾಗದಲ್ಲಿ! ಎಲ್ಲರೂ ನಕ್ಕರು. ನನಗೆ ಮಾತ್ರ ಆತನ ಮೇಲೆ ಗೌರವವೇ ಇದೆ. ಇಷ್ಟು ದೂರ ಹೋದೆ, ಇಲ್ಲಿ ನಿಂತೆ ಅಂತ ಆತ ಹೇಳಿಬಿಟ್ಟ. ಒಂದು ಸುತ್ತು ಮಾತ್ರ ಆಡಿ ಇಡೀ ಆಟಕ್ಕೆ ಅಂಕ ಹಾಕಿದವರು ಅಷ್ಟನ್ನೂ ಹೇಳಲಿಲ್ಲವಲ್ಲ, ನನ್ನ ತಕರಾರು ಅವರ ಮೇಲೆ. ಬೆನ್ನುಡಿ ಓದಿ ಪುಸ್ತಕ ವಿಮರ್ಶೆ ಬರೆಯುವವರನ್ನು ನಾವು ಕನ್ನಡದಲ್ಲೂ ನೋಡಿದ್ದೇವೆ ಬಿಡಿ.

ಒಂದು ಸುತ್ತು ಅಂದೆನಲ್ಲ, ಇಡೀ ವಿಷಯ ನಿಂತಿರುವುದೇ ಅದರ ಮೇಲೆ. (ಆಡಬೇಕು ಅಂತಿರುವವರು ಮುಂದಿನ ಎರಡು ಪ್ಯಾರಾ ಹಾರಿಸಿಕೊಂಡು ಹೋಗಿ, ಕಥೆ ಬಿಟ್ಟುಕೊಡ್ತಿದ್ದೀನಿ.)

'ನಿಯರ್' ನಾಯಕನಿಗೆ ಕಾಯಿಲೆ ಬಿದ್ದ ಯೋನಾ ಎಂಬ ಹುಡುಗಿ ಇದ್ದಾಳೆ. ಮೈಮೇಲೆ ಕಪ್ಪು ಅಕ್ಷರಗಳು ಮೂಡುವ ಕಾಯಿಲೆ. ಅವಳನ್ನು ಉಳಿಸುವುದಕ್ಕೆ ಅವನು ನೆರಳು ಭೂತಗಳನ್ನು ನೂರಾರು ಸಂಖ್ಯೆಯಲ್ಲಿ ಕೊಚ್ಚಿ ಹಾಕುತ್ತಾನೆ. ಅವು ಏನೋ ಗೊರಗೊರ ಸದ್ದು ಮಾಡುತ್ತವೆ, ಸಾಯುತ್ತವೆ. ಇಪ್ಪತ್ತು ಗಂಟೆಗೂ ಮೇಲೆ ಇದನ್ನೇ ಮಾಡಿ ನೀವು ಆಟ ಮುಗಿಸುತ್ತೀರಿ. ಆ ನೆರಳುಗಳು ಒಂದು ಕಾಲದ ಮನುಷ್ಯರ ಆತ್ಮಗಳು ಅನ್ನುವ ಸತ್ಯ ಕೊನೆಯಲ್ಲಿ ತಿಳಿಯುತ್ತದೆ. ಸರಿ, ಒಂದು ತಿರುವು, ಚೆನ್ನಾಗಿದೆ ಅಂದುಕೊಂಡು ವಿಮರ್ಶೆ ಬರೆದು ಕಳಿಸಬಹುದು. ಆದರೆ ಎರಡನೇ ಸಲ ಆಡಲು ಕೂತರೆ ಆಟ ಅರ್ಧದಿಂದ ಶುರುವಾಗುತ್ತದೆ. ದಾರಿಯೂ ಅದೇ, ಕೊಲ್ಲಬೇಕಾದವರೂ ಅವರೇ. ದೊಡ್ಡ ಬದಲಾವಣೆ ಅಂದರೆ ಈ ಸಲ ಆ ಗೊರಗೊರ ಸದ್ದಿನ ಕೆಳಗೆ ಅಕ್ಷರಗಳು ಬರುತ್ತವೆ. ಅವು ಏನು ಹೇಳುತ್ತಿದ್ದವು ಅಂತ ನಿಮಗೆ ಅರ್ಥವಾಗತೊಡಗುತ್ತದೆ.

ಗುಜರಿ ಗುಡ್ಡದಲ್ಲಿ ಒಂದು ದೈತ್ಯ ಯಂತ್ರಮಾನವ, ಅದರ ಜೊತೆಗೊಂದು ಪುಟ್ಟ ನೆರಳು. ಮೊದಲ ಸುತ್ತಿನಲ್ಲಿ ಅದೊಂದು ಕಷ್ಟದ ಕಾಳಗ. ಗೆದ್ದರೆ ಖುಷಿ. ಎರಡನೇ ಸುತ್ತಿನಲ್ಲಿ ಗೊತ್ತಾಗುತ್ತದೆ, ಆ ಪುಟ್ಟ ನೆರಳು ಒಂದು ಅನಾಥ ಮಗು, ಯಂತ್ರ ಅದರ ಗೆಳೆಯ, ಇಬ್ಬರೂ ಆ ಗುಜರಿಯಿಂದ ಹೊರಗೆ ಹೋಗಿ ಲೋಕ ನೋಡಬೇಕು ಅಂತ ಕನಸು ಕಾಣುತ್ತಿದ್ದರು ಅಂತ. ಅಷ್ಟರಲ್ಲಿ ನೀವು ಬಂದಿರಿ. ಗೊತ್ತಾದ ಮೇಲೂ ಕತ್ತಿ ಬೀಸಲೇಬೇಕು, ಬೇರೆ ಬಟನ್ ಕೊಟ್ಟಿಲ್ಲ. ಮರುಭೂಮಿಯ ತೋಳಗಳದ್ದೂ ಇದೇ ಕಥೆ. ಮದುವೆ ಮನೆಗೆ ನುಗ್ಗಿದ ದುಷ್ಟ ಪ್ರಾಣಿಗಳು ಅಂತ ಮೊದಲ ಸಲ ಕಂಡವು, ಎರಡನೇ ಸಲ ತಮ್ಮವರನ್ನು ಮನುಷ್ಯರಿಂದ ಕಳಕೊಂಡು ಕುದಿಯುತ್ತಿರುವ ಸಂಸಾರ. ಭಾಷೆ ಬರದವನ ಮಾತು ಗದ್ದಲದ ಹಾಗೆ ಕೇಳುತ್ತದೆ ಅನ್ನುವುದು ಹೊರಊರಿಗೆ ಬಂದು ನೆಲೆಸಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಲೋಕಲ್ ಟ್ರೇನಿನಲ್ಲಿ ನಾವೂ ಒಂದು ಕಾಲಕ್ಕೆ ಗದ್ದಲವೇ ಆಗಿದ್ದೆವು.

ಇದು ನಿರ್ದೇಶಕನ ಗಿಮಿಕ್ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂಬಯಿಯಲ್ಲಿ ಈಗಲೂ ತಾಳಮದ್ದಳೆ ಕೂಟಗಳು ನಡೆಯುತ್ತವೆ, ನಮ್ಮ ಕರಾವಳಿಯವರ ದೊಡ್ಡತನ ಅದು. ಅಲ್ಲಿ ಪ್ರತಿನಾಯಕನಿಗೂ ತನ್ನ ಅರ್ಥ ಹೇಳುವ ಸರದಿ ಬರುತ್ತದೆ. ಕೃಷ್ಣನ ಮಾತು ಮುಗಿದ ಕೂಡಲೇ ಎದ್ದು ಹೋಗಿ, ಪ್ರಸಂಗ ಸಪ್ಪೆ ಅಂತ ಮಾರನೇ ದಿನ ಪೇಪರಿಗೆ ಬರೆದರೆ ಹೇಗೆ? ಕೌರವ ಇನ್ನೂ ಬಾಯೇ ಬಿಟ್ಟಿಲ್ಲ ಮಾರಾಯ್ರೆ!

ಆದರೆ ವಿಮರ್ಶಕ ಏನು ಮಾಡಬೇಕಿತ್ತು? ಡಿಸ್ಕ್ ಕೈಗೆ ಬಂದು ಕೆಲವೇ ದಿನದಲ್ಲಿ ಬರೆದು ಕೊಡಬೇಕು. ಪಕ್ಕದಲ್ಲಿ ಇನ್ನೂ ನಾಲ್ಕು ಆಟ ಕಾದಿರುತ್ತವೆ. ಎರಡು ತಾಸಿನ ಸಿನಿಮಾ ಅಲ್ಲ ಇದು. ಎರಡನೇ ಸುತ್ತು ಆದಮೇಲೂ ಮುಗಿಯುವುದಿಲ್ಲ, ಕೊನೆಯ ಅಂತ್ಯಗಳನ್ನು ನೋಡಬೇಕಾದರೆ ಆಟದಲ್ಲಿರುವ ಅಷ್ಟೂ ಆಯುಧಗಳನ್ನು ಕಲೆಹಾಕಬೇಕು. ಹೀಗಾಗಿ ಅರ್ಧ ತಪ್ಪು ಆಟ ಮಾಡಿದವರದ್ದೂ ಹೌದು. ತಮ್ಮ ಅತ್ಯುತ್ತಮ ಮಾತನ್ನು ಇಪ್ಪತ್ತು ಗಂಟೆಯ ಕುರಿಮಾಂಸದ ಹಿಂದೆ ಬಚ್ಚಿಟ್ಟರೆ ಹುಡುಕುವವರು ಎಷ್ಟು ಜನ ಸಿಕ್ಕಾರು? ಹೊಟ್ಟೆಪಾಡಿಗೆ ದುಡಿದು ರಾತ್ರಿ ಒಂದು ಗಂಟೆ ಆಡುವವನ ತಾಳ್ಮೆಗೂ ಒಂದು ಮಿತಿ ಇದೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ನನಗೆ ಸರಿ ಕಾಣದ್ದು ಆ ಅಂಕೆ. 'ಮೊದಲ ಸುತ್ತು ಆಡಿದ್ದೇನೆ, ನೀರಸವಾಗಿದೆ, ಸಂಗೀತ ಅಮೋಘ' ಅಂತ ಬರೆದರೆ ಅದು ವಿಮರ್ಶೆ. ಓದುಗ ತನ್ನ ಬುದ್ಧಿ ಉಪಯೋಗಿಸುತ್ತಾನೆ. ಅದರ ಕೆಳಗೆ ಒಂದು ಅಂಕೆ ಬರೆದ ಕೂಡಲೇ ಮೇಲಿನ ಬರಹ ಮಾಯ. ಸರಾಸರಿಗೆ ಹೋಗುವುದು ಅಂಕೆ ಮಾತ್ರ. ಆ ಸರಾಸರಿ ಮನುಷ್ಯರ ಹೊಟ್ಟೆಗೂ ಹೋಗಿ ತಟ್ಟುತ್ತದೆ. ಅದೇ 2010ರಲ್ಲಿ ಬಂದ 'ಫಾಲೌಟ್: ನ್ಯೂ ವೇಗಸ್' ಮಾಡಿದ ಅಬ್ಸಿಡಿಯನ್ ಕಂಪನಿಗೆ, ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾತ್ರ ಬೋನಸ್ ಅಂತ ಕರಾರು ಇತ್ತಂತೆ. ಬಂದದ್ದು 84. ಬೋನಸ್ ಇಲ್ಲ. 2012ರಲ್ಲಿ ಆ ಕಂಪನಿಯವರೇ ಇದನ್ನು ಹೇಳಿಕೊಂಡರು. ಒಂದೇ ಒಂದು ಅಂಕ! ಯಾವನೋ ಒಬ್ಬ ಅವಸರದಲ್ಲಿ ಎಂಟರ ಬದಲು ಏಳೂವರೆ ಹಾಕಿದ್ದರೂ ಸಾಕಿತ್ತೇನೋ.

'ನಿಯರ್' ಮಾಡಿದ ಕ್ಯಾವಿಯಾ ಅದೇ 2010ರ ಜುಲೈನಲ್ಲಿ ಮುಚ್ಚಿ ಮಾತೃಸಂಸ್ಥೆಯಲ್ಲಿ ಕರಗಿತು. ಆಟ ಬಂದು ಮೂರೇ ತಿಂಗಳು. ವಿಮರ್ಶೆಗಳೇ ಮುಚ್ಚಿಸಿದವು ಅಂತ ನಾನು ಹೇಳಲಾರೆ, ಅದು ಅತಿಯಾದೀತು. ಆದರೆ 68 ಅಂತ ಹಣೆಪಟ್ಟಿ ಅಂಟಿದ ಆಟ ಅವರಿಗೆ ಊರುಗೋಲಂತೂ ಆಗಲಿಲ್ಲ.

ಆಮೇಲೆ ನಡೆದದ್ದು ಆಡಿದವರ ಕೆಲಸ. ಆಟ ಬಾಯಿಂದ ಬಾಯಿಗೆ ಹೋಯಿತು, ಹಾಡುಗಳು ಆಟಕ್ಕಿಂತ ಮುಂದೆ ಹೋದವು. 2017ರಲ್ಲಿ ಅದೇ ಯೋಕೋ ತಾರೋ, ಪ್ಲಾಟಿನಮ್‌ಗೇಮ್ಸ್ ಜೊತೆ ಸೇರಿ 'ನಿಯರ್: ಆಟೊಮೇಟಾ' ಮಾಡಿದ. 88 ಬಂತು, ಮುಂದೆ 70 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅಲ್ಲೂ ಮತ್ತೆ ಮತ್ತೆ ಆಡಬೇಕು, ಅಲ್ಲೂ ಮೊದಲ ಅಂತ್ಯ ಅಂತ್ಯವಲ್ಲ. ಆದರೆ ಈ ಸಲ ಮೊದಲ ಸುತ್ತು ಮುಗಿದ ಕೂಡಲೇ ಪರದೆಯ ಮೇಲೆ ಸ್ಕ್ವೇರ್ ಎನಿಕ್ಸ್ ಪ್ರಚಾರ ವಿಭಾಗದಿಂದ ಒಂದು ಓಲೆ ಬರುತ್ತದೆ. ಆಟ ಮುಗಿದಿಲ್ಲ, ದಯವಿಟ್ಟು ಮುಂದುವರಿಸಿ ಅಂತ. ನೋಡಿ ಜೋರಾಗಿ ನಕ್ಕುಬಿಟ್ಟೆ. ಏಳು ವರ್ಷದ ಹಿಂದಿನ ಪೆಟ್ಟು ಚೆನ್ನಾಗಿ ನೆನಪಿದೆ ಇವರಿಗೆ :)

2021ರಲ್ಲಿ ಹಳೆಯ ಆಟವನ್ನೇ ತಿದ್ದಿ ತೀಡಿ ಮತ್ತೆ ಬಿಟ್ಟರು. ಹೆಸರಿನ ಬಾಲಕ್ಕೆ 1.22474487139 ಅಂತ ಒಂದು ಅಂಕೆ, ಒಂದೂವರೆಯ ವರ್ಗಮೂಲ. ಅಂಕೆಗಳ ಬಗ್ಗೆ ಇವರಿಗೆ ಏನನಿಸುತ್ತದೆ ಅನ್ನುವುದಕ್ಕೆ ಇದು ಸಾಕ್ಷಿಯೋ ಏನೋ. ಕಾಳಗ ಚುರುಕಾಗಿದೆ, ನೋಟ ಸುಧಾರಿಸಿದೆ. ಕುರಿಮಾಂಸದ ಕೆಲಸಗಳು ಮಾತ್ರ ಹಾಗೇ ಇವೆ. ಕಥೆಯೂ ಹೆಚ್ಚುಕಮ್ಮಿ ಅದೇ. ಅಂಕ 80 ದಾಟಿತು. ಕಾಳಗ ಸುಧಾರಿಸಿದ್ದಕ್ಕೆ ಒಂದಷ್ಟು ಅಂಕ ಅಂತ ಇಟ್ಟುಕೊಳ್ಳೋಣ, ಉಳಿದದ್ದು? ಈ ಸಲ ವಿಮರ್ಶಕರಿಗೆ ಎರಡನೇ ಸುತ್ತು ಇದೆ ಅಂತ ಮೊದಲೇ ಗೊತ್ತಿತ್ತು. ಆ ಪುಟ್ಟ ನೆರಳು 2010ರಲ್ಲೂ ಅದನ್ನೇ ಹೇಳುತ್ತಿತ್ತು.

ಆಡುವ ಮನಸ್ಸಿದ್ದರೆ ಈ 2021ರದ್ದನ್ನೇ ತಗೊಳ್ಳಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಪಿಸಿ ಮೂರಕ್ಕೂ ಬಂದಿದೆ. ಇದರಲ್ಲಿ ನಾಯಕ ಯೋನಾಳ ಅಣ್ಣ. 2010ರಲ್ಲಿ ಜಪಾನಿನ ಹೊರಗೆ ಬಂದದ್ದರಲ್ಲಿ ಅವನು ಅವಳ ಅಪ್ಪ. ಮಗಳಿಗಾಗಿ ಒದ್ದಾಡುವ ಆ ಮುಖ ಸುಕ್ಕಿದ ಅಪ್ಪನೇ ನನಗೆ ಹೆಚ್ಚು ಹಿಡಿಸಿದ್ದ, ವಯಸ್ಸಿನ ಪ್ರಭಾವ ಇರಬೇಕು. ಊರವರ ಚಿಲ್ಲರೆ ಕೆಲಸಗಳನ್ನು ಆದಷ್ಟು ಬಿಟ್ಟುಬಿಡಿ. ಮೀನು ಹಿಡಿಯುವ ಮುಂಚೆ ಮ್ಯಾಪಿನಲ್ಲಿ ಗುರುತು ಎಲ್ಲಿದೆ ಅಂತ ಒಂದು ಸಲ ನೋಡಿಕೊಳ್ಳಿ.