ತಲೆವಸ್ತ್ರವೂ ಶಿಕ್ಷಕಿಯ ಹುದ್ದೆಯೂ

ಪಾಠ ಹೇಳುವ ಯೋಗ್ಯತೆಯುಂಟೆಂದು ಪರೀಕ್ಷಿಸಿ ಒಪ್ಪಿಕೊಂಡ ಸರಕಾರವೇ ಬಳಿಕ ಅದೇ ವ್ಯಕ್ತಿಗೆ ಶಾಲೆಯ ಬಾಗಿಲನ್ನು ಮುಚ್ಚಿದರೆ ಹೇಗೆ? ಜರ್ಮನಿಯ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ 1998ರಲ್ಲಿ ನಡೆದುದು ಇದೇ. ಕಾಬೂಲಿನಲ್ಲಿ ಹುಟ್ಟಿ ಜರ್ಮನ್ ಪೌರತ್ವ ಪಡೆದಿದ್ದ ಫೆರೆಷ್ತಾ ಲೂದಿನ್ ಶಿಕ್ಷಕ ತರಬೇತಿಯನ್ನೂ ಅಂತಿಮ ಪರೀಕ್ಷೆಯನ್ನೂ ಮುಗಿಸಿದ್ದರು. ತರಬೇತಿಯ ಕಾಲದಲ್ಲಿ ಅವರು ತಲೆವಸ್ತ್ರ ತೊಟ್ಟೇ ಮಕ್ಕಳಿಗೆ ಕಲಿಸಿದ್ದರೆಂಬುದು ಗಮನಾರ್ಹ. ಖಾಯಂ ಹುದ್ದೆಯ ಮಾತು ಬಂದಾಗ ಮಾತ್ರ ಅದೇ ವಸ್ತ್ರ ಅಡ್ಡಿಯಾಯಿತು.

ಮೊಕದ್ದಮೆ ಸಂವಿಧಾನ ನ್ಯಾಯಾಲಯದವರೆಗೂ ಏರಿತು. ನಿರ್ದಿಷ್ಟ ಶಾಸನವಿಲ್ಲದೆ ಇಂಥ ನಿಷೇಧ ಸಲ್ಲದೆಂದು 2003ರ ಸೆಪ್ಟೆಂಬರ್ 24ರಂದು ತೀರ್ಪಾಯಿತು. ಗೆಲುವೆಂದರೆ ಗೆಲುವೇ, ಆದರೆ ಮರುವರ್ಷವೇ ಆ ರಾಜ್ಯ ಶಾಸನವನ್ನೇ ರಚಿಸಿತು! ಕ್ರಮೇಣ 16 ರಾಜ್ಯಗಳಲ್ಲಿ ಅರ್ಧದಷ್ಟು ಇದೇ ಹಾದಿ ಹಿಡಿದವು. ಸಾರಾಸಗಟು ನಿಷೇಧ ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧ, ಶಾಲೆಯ ಶಾಂತಿಗೆ ನಿಜವಾದ ಅಪಾಯವಿದ್ದಲ್ಲಿ ಮಾತ್ರ ತಡೆಯಬಹುದೆಂದು ಅದೇ ನ್ಯಾಯಾಲಯ ಬೇರೆ ಮೊಕದ್ದಮೆಯಲ್ಲಿ ಹೇಳುವಷ್ಟರಲ್ಲಿ 2015 ಬಂದಿತ್ತು. ಹದಿನೇಳು ವರ್ಷವೆಂದರೆ ಒಬ್ಬ ಶಿಕ್ಷಕಿಯ ವೃತ್ತಿಜೀವನದ ಅರ್ಧಭಾಗ.

ಖಾಸಗಿ ಕಚೇರಿಗಳ ಮಾತೇನು? ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ ಜರ್ಮನಿಯ ಸಂಸ್ಥೆಗಳಿಗೆ 1,474 ಕಲ್ಪಿತ ಅರ್ಜಿಗಳನ್ನು ಕಳುಹಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಅಲ್ಲಿ ಅರ್ಜಿಯೊಡನೆ ಭಾವಚಿತ್ರವಿಡುವುದು ರೂಢಿ. ವಿದ್ಯಾರ್ಹತೆ ಒಂದೇ, ಚಿತ್ರದಲ್ಲಿನ ತರುಣಿಯೂ ಒಬ್ಬಳೇ. ಜರ್ಮನ್ ಹೆಸರಿಗೆ ಶೇಕಡಾ 18.8ರಷ್ಟು ಕರೆ ಬಂದವು. ತುರ್ಕಿ ಹೆಸರಿಗೆ 13.5; ಅದೇ ತುರ್ಕಿ ಹೆಸರಿನೊಡನೆ ತಲೆವಸ್ತ್ರವೂ ಇದ್ದಾಗ ಕೇವಲ 4.2. ಹುದ್ದೆ ದೊಡ್ಡದಾದಷ್ಟೂ ಅಂತರವೂ ಹಿಗ್ಗಿತು. ಅರ್ಜಿಯ ಮೇಲಿನ ಹೆಸರೂ ಮಾತೃಭಾಷೆಯೂ ಎಷ್ಟು ಭಾರವೆಂಬುದನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ನಿಜವಾದ ಅಗತ್ಯವಿದ್ದು, ಎಲ್ಲ ಮತಗಳ ಹೊರಚಿಹ್ನೆಗಳಿಗೂ ಸಮನಾಗಿ ಅನ್ವಯಿಸುವುದಾದರೆ ಸಂಸ್ಥೆಗಳು ನಿಷೇಧ ವಿಧಿಸಬಹುದೆಂದು ಯುರೋಪಿನ ನ್ಯಾಯಾಲಯ 2021ರಲ್ಲಿ ಹೇಳಿತು. ಕೇಳಲು ಸಮಾನತೆಯೇ. ಆದರೆ ಪುಟ್ಟ ಶಿಲುಬೆಯನ್ನು ಅಂಗಿಯೊಳಗೆ ಸರಿಸಿಕೊಳ್ಳಬಹುದು. ತಲೆವಸ್ತ್ರವನ್ನು ಎಲ್ಲಿ ಅಡಗಿಸುವುದು?

ಬಲಾತ್ಕಾರದ ಇನ್ನೊಂದು ಮುಖವನ್ನೂ ಮರೆಯಲಾಗದು. ಇರಾನಿನಲ್ಲಿ 1980ರಲ್ಲಿ, ತಲೆ ಮುಚ್ಚದ ಹೆಂಗಸರಿಗೆ ಸರಕಾರಿ ಕಚೇರಿಗಳಲ್ಲಿ ಪ್ರವೇಶವಿಲ್ಲವೆಂದು ಆಜ್ಞೆಯಾಯಿತು. ಅಲ್ಲಿ ತೊಡದವಳು ಹೊರಗೆ, ಇಲ್ಲಿ ತೊಟ್ಟವಳು ಹೊರಗೆ. ಎರಡೂ ಕಡೆ ನಿರ್ಧರಿಸಿದವರು ಬೇರೆಯವರು.

ಎಳೆಯ ಮಕ್ಕಳ ಮುಂದೆ ಸರಕಾರದ ಪ್ರತಿನಿಧಿ ತಟಸ್ಥರಾಗಿ ಕಾಣಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದರ ಫಲವೇನಾಯಿತು? ಎಲ್ಲ ಮತಗಳ ಮಕ್ಕಳಿಗೂ ಕಲಿಸಬೇಕೆಂದಿದ್ದ ಲೂದಿನ್ ಕೊನೆಗೆ ಕೆಲಸ ಹಿಡಿದುದು ಬರ್ಲಿನ್ನಿನ ಖಾಸಗಿ ಇಸ್ಲಾಮೀ ಪ್ರಾಥಮಿಕ ಶಾಲೆಯೊಂದರಲ್ಲಿ.