ತಂದೆತಾಯಿಗಳಿಗೆ ಸರೋವರದ ದಾರಿ

ಊರಿನಿಂದ ಬಂದ ತಂದೆತಾಯಿಗಳಿಗೆ ಶಿಕಾಗೋ ತೋರಿಸಲು ನಾವು ಗಗನಚುಂಬಿ ಕಟ್ಟಡಗಳ ಟಿಕೆಟ್ ಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ಅವರು ನಮ್ಮ ಕಾರಿನ ದಾರಿ ಕಾಯುತ್ತ ಕಿಟಕಿಯ ಬಳಿ ಕುಳಿತಿರುತ್ತಾರೆ. ಮಿಷಿಗನ್ ಸರೋವರದ ದಂಡೆಯುದ್ದಕ್ಕೂ 18 ಮೈಲಿ ಸಾಗುವ ಲೇಕ್‌ಫ್ರಂಟ್ ಟ್ರೇಲ್‌ಗೆ ಟಿಕೆಟ್ಟಿನ ಅಗತ್ಯವಿಲ್ಲ. ಈ ದಂಡೆ ಜನರ ಸ್ವತ್ತೆಂದು ಡೇನಿಯಲ್ ಬರ್ನ್‌ಹ್ಯಾಮ್ ಅವರ ನಗರಯೋಜನೆ 1909ರಲ್ಲೇ ಸಾರಿತ್ತು. 2018ರ ಹೊತ್ತಿಗೆ ಸೈಕಲ್ಲಿಗೂ ಕಾಲ್ನಡಿಗೆಗೂ ಪ್ರತ್ಯೇಕ ಪಥಗಳು ಸಿದ್ಧವಾದವು. ಆದರೆ ಮಾತಿನ ಭರದಲ್ಲಿ ಗುಂಪಾಗಿ ಸೈಕಲ್ ಪಥಕ್ಕಿಳಿಯುವ ನಮ್ಮ ಅಭ್ಯಾಸ ಅಪಾಯಕರ. ಮೊದಲ ದಿನ ಜೊತೆಗೆ ನಡೆದು ಪಥಗಳ ಗುರುತನ್ನೂ ಬಸ್ಸು, ರೈಲುಗಳ ನಿಲ್ದಾಣವನ್ನೂ ತೋರಿಸೋಣ. ಮುಂದೆ ಅವರೇ ಹೊರಡಲಿ. ನಮ್ಮ ಬಿಡುವಿಗಾಗಿ ಕಾಯದ ಆ ಸ್ವಾತಂತ್ರ್ಯ ಅವರ ಇಲ್ಲಿನ ವಾಸವನ್ನು ಹಗುರಗೊಳಿಸೀತು.