ಮನವಿ ಪತ್ರ: ನಮ್ಮ ಹೊಲಗಳಲ್ಲಿ ನಡೆಯುವ ಬೀಜ ಕಂಪನಿಗಳ ಪ್ರಯೋಗಕ್ಕೆ ಲಿಖಿತ ನಿಯಮ ಬೇಕು

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಿಕ್ಕಬಳ್ಳಾಪುರ ಜಿಲ್ಲೆ, ಚಿಕ್ಕಬಳ್ಳಾಪುರ.

ಇವರಿಂದ,
ಪೆರೇಸಂದ್ರ ಹಾಗೂ ಸುತ್ತಮುತ್ತಲ ಗ್ರಾಮಗಳ ಟೊಮೆಟೊ, ತರಕಾರಿ ಮತ್ತು ಮುಸುಕಿನ ಜೋಳದ ಬೆಳೆಗಾರರು (ಸಹಿ ಪಟ್ಟಿ ಲಗತ್ತಿಸಿದೆ).

ವಿಷಯ: ಬಹುರಾಷ್ಟ್ರೀಯ ಬೀಜ ಕಂಪನಿಗಳು ರೈತರ ಜಮೀನಿನಲ್ಲಿ ನಡೆಸುತ್ತಿರುವ ತಳಿ ಪ್ರಯೋಗಗಳನ್ನು ನೋಂದಣಿಗೆ ಒಳಪಡಿಸಿ, ಬೆಳೆ ನಷ್ಟಕ್ಕೆ ಪರಿಹಾರ ಕೊಡಿಸುವ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ಸಂಬಂಧಪಟ್ಟ ಕಚೇರಿಗಳಿಗೆ ಹಿಂದೆ ಸಲ್ಲಿಸಿದ ಅರ್ಜಿಗಳ ಸ್ವೀಕೃತಿ ಪ್ರತಿಗಳು ಹಾಗೂ ನಮಗೆ ಬಂದ ಹಿಂಬರಹ (ಅಡಕ 1).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸುವುದೇನೆಂದರೆ, ಕಳೆದ ಬೇಸಿಗೆ ಬೆಳೆಯಲ್ಲಿ ನಮ್ಮ ಭಾಗದ ಕೆಲವು ರೈತರ ಟೊಮೆಟೊ ಹೊಲಗಳನ್ನು ಒಂದು ವಿದೇಶಿ ಮೂಲದ ಬೀಜ ಕಂಪನಿ ಪ್ರಯೋಗಕ್ಕೆ ಪಡೆದಿತ್ತು. ಆ ಹೊಲಗಳೂ ಕೆಟ್ಟವು, ಪಕ್ಕದ ಹೊಲಗಳೂ ಕೆಟ್ಟವು. ಅರ್ಜಿ ಕೊಟ್ಟೆವು, ಕಚೇರಿಗಳಿಗೆ ಅಲೆದೆವು. ಕಡೆಗೆ ಸಿಕ್ಕಿದ್ದು ಒಂದೇ ಸಾಲಿನ ಹಿಂಬರಹ: ಬೀಜ ಖರೀದಿಯ ಬಿಲ್ ಹಾಜರುಪಡಿಸತಕ್ಕದ್ದು. ಮಾರಾಟವೇ ಆಗದ ಬೀಜಕ್ಕೆ ಬಿಲ್ ತರುವುದು ಎಲ್ಲಿಂದ ಎಂದು ಕೇಳಲು ತಮ್ಮ ಬಳಿಗೆ ಬಂದಿದ್ದೇವೆ. ಕಂಪನಿಯ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ. ಮುಚ್ಚಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಿದ್ದೇವೆ.

ನಾವು ಸಂಶೋಧನೆಯ ವಿರೋಧಿಗಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. 1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಸಂಸ್ಥೆ ಹೈಬ್ರಿಡ್ ಟೊಮೆಟೊವನ್ನು ತಂದ ಮೇಲೆ ಈ ಸೀಮೆಯ ಬೇಸಾಯವೇ ಬದಲಾಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆದುಕೊಳ್ಳುತ್ತದೆ. ಅದನ್ನು ಬೆಳೆದು ನಾಲ್ಕು ಕಾಸು ಕಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. 1988ರ ಹೊಸ ಬೀಜ ನೀತಿ ಮತ್ತು 1991ರ ಉದಾರೀಕರಣದ ನಂತರ ವಿದೇಶಿ ಕಂಪನಿಗಳು ಬೆಂಗಳೂರಿನಲ್ಲಿ ನೆಲೆಯೂರಿದವು. ಪ್ರಯೋಗಾಲಯ ಅಲ್ಲಿದ್ದರೂ ಬಿಸಿಲು, ಗಾಳಿ, ರೋಗ, ನೊಣ ಎಲ್ಲವನ್ನೂ ಒಟ್ಟಿಗೆ ಎದುರಿಸಿ ತಳಿ ನಿಲ್ಲುತ್ತದೆಯೇ ಎಂದು ನೋಡಲು ರೈತನ ಹೊಲವೇ ಬೇಕು. ಹೆದ್ದಾರಿ 44ರ ಪಕ್ಕದಲ್ಲಿರುವ, ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂತಿರುಗಬಹುದಾದ ನಮ್ಮೂರು ಅವರಿಗೆ ಅನುಕೂಲ. ಬರಲಿ. ಆದರೆ ಪ್ರಯೋಗ ಅವರದು, ನಷ್ಟ ನಮ್ಮದು ಎಂಬ ಪದ್ಧತಿಯನ್ನು ಇನ್ನು ಸಹಿಸಲಾಗುವುದಿಲ್ಲ.

ನಡೆದದ್ದು ಇಷ್ಟು. ಕಂಪನಿಯ ಪ್ರತಿನಿಧಿಗಳು ನರ್ಸರಿಯವರ ಮೂಲಕ ಬಂದರು. ನಾರು (ಸಸಿ) ಉಚಿತ, ಔಷಧಿ ನಮ್ಮದು, ಫಸಲು ನಿಮ್ಮದು ಎಂದರು. ಇಂಗ್ಲಿಷಿನಲ್ಲಿದ್ದ ಒಂದು ಹಾಳೆಗೆ ಸಹಿ ಪಡೆದರು, ಪ್ರತಿ ಕೊಡಲಿಲ್ಲ. ನಮ್ಮಲ್ಲೊಬ್ಬರ ಮಗ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಚಿತ್ರ ಮಾತ್ರ ಉಳಿದಿದೆ (ಅಡಕ 2). ಸಾಲು ಸಾಲಿಗೆ ಕೋಡ್ ನಂಬರಿನ ಚೀಟಿ ಕಟ್ಟಿದ್ದರು, ತಳಿಯ ಹೆಸರಿರಲಿಲ್ಲ (ಅಡಕ 3, ಛಾಯಾಚಿತ್ರಗಳು). ಗಿಡ ಚೆನ್ನಾಗಿಯೇ ಎದ್ದಿತು. ಕೋಲು ಕಟ್ಟಿ, ಹೂವು ಕಚ್ಚುವ ಹೊತ್ತಿಗೆ ಕೆಲವು ಸಾಲುಗಳಲ್ಲಿ ಎಲೆ ಮುದುಡತೊಡಗಿತು. ನಾವು ಬಿಂಗಿ ಎನ್ನುವ ಈ ರೋಗವನ್ನು ಹರಡುವುದು ಬಿಳಿ ನೊಣ. ರೋಗದ ಗಿಡ ಕಂಡ ಕೂಡಲೇ ಕಿತ್ತು ಹೂತುಬಿಡಿ ಎಂದು ಇಲಾಖೆಯವರೇ ನಮಗೆ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದಾರೆ. ನಾವು ಕೀಳಲು ಹೋದಾಗ ಪ್ರತಿನಿಧಿಗಳು ತಡೆದರು. ಕೀಳಬೇಡಿ, ಆ ಸಾಲುಗಳಿಗೆ ಔಷಧಿಯನ್ನೂ ಹೊಡೆಯಬೇಡಿ, ಯಾವ ಸಾಲು ನಿಲ್ಲುತ್ತದೆ ಯಾವುದು ಬೀಳುತ್ತದೆ ಎಂದು ನೋಡಬೇಕು ಎಂದರು.

ಮಾನ್ಯರೇ, ಇಡೀ ಮನವಿಯ ತಿರುಳು ಇಲ್ಲಿದೆ. ರೋಗ ತಡೆಯುವ ತಳಿಯನ್ನು ಹುಡುಕುವವರಿಗೆ ರೋಗ ಬೇಕೇ ಬೇಕು. ಬಿದ್ದ ಸಾಲು ಅವರಿಗೆ ಮಾಹಿತಿ. ಅದೇ ಸಾಲು ನಮಗೆ ಬ್ಯಾಂಕಿನ ಸಾಲ, ಕೂಲಿ ಬಾಕಿ, ಬಡ್ಡಿ. ಅವರು ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಗಿಡ ಎಣಿಸಿದರು, ಎಲೆ ಕಾಯಿಗಳನ್ನು ಕವರಿನಲ್ಲಿ ತುಂಬಿಕೊಂಡರು, ಫೋಟೊ ತೆಗೆದುಕೊಂಡರು. ಅಷ್ಟರಲ್ಲಿ ನೊಣ ಬದು ದಾಟಿತ್ತು. ಪ್ರಯೋಗಕ್ಕೆ ಹೊಲವನ್ನೇ ಕೊಡದ, ಸಹಿಯನ್ನೇ ಹಾಕದ ಪಕ್ಕದ ರೈತರ ತೋಟಗಳಲ್ಲೂ ಎಲೆ ಮುದುಡಿತು. ಸಾವಿರ ಅಡಿ ಕೊರೆದು ತಂದ ನೀರು, ಮಲ್ಚಿಂಗ್ ಪೇಪರ್, ಡ್ರಿಪ್ ಪೈಪು, ಕೋಲು, ದಾರ ಎಲ್ಲದರ ಖರ್ಚೂ ಆಗಿ ಮುಗಿದ ಮೇಲೆ ಮಾರುಕಟ್ಟೆಗೆ ಹೋದದ್ದು ಸಣ್ಣ ಕಾಯಿಯ ಕೆಲವೇ ಬಾಕ್ಸುಗಳು. ಪಹಣಿ ಪ್ರತಿಗಳು, ಗ್ರಾಮಸ್ಥರು ಸೇರಿ ಮಾಡಿಸಿದ ಮಹಜರು, ಮಂಡಿಯ ಚೀಟಿಗಳು, ಗೊಬ್ಬರದ ಅಂಗಡಿಯ ರಸೀದಿಗಳು, ನೊಂದ ಪ್ರತಿಯೊಬ್ಬ ರೈತರ ಹೇಳಿಕೆ, ಪ್ರತಿನಿಧಿಗಳು ಕಳಿಸಿದ ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಗಳನ್ನು ಅಡಕ 4ರಿಂದ 9ರವರೆಗೆ ಜೋಡಿಸಿದ್ದೇವೆ. ದಯವಿಟ್ಟು ತಾವೇ ಒಮ್ಮೆ ಕಣ್ಣಾಡಿಸಬೇಕು. ಕೆಳಗಿನ ಹಂತಕ್ಕೆ ವರ್ಗಾಯಿಸಿದರೆ ಅವು ಮತ್ತೆ ಬಿಲ್ ಕೇಳುವ ಮೇಜಿಗೇ ಬಂದು ಕೂರುತ್ತವೆ.

ಪರಿಹಾರ ಕೇಳಿದಾಗ ಕಂಪನಿಯವರು, ನಾವು ಬೀಜ ಮಾರಿಲ್ಲ, ಕೊಟ್ಟಿದ್ದೇವೆ ಎಂದರು. ಆ ಒಂದು ಮಾತಿಗೆ ಕಾನೂನಿನ ಎಲ್ಲಾ ಬಾಗಿಲುಗಳೂ ಮುಚ್ಚಿಕೊಳ್ಳುವುದನ್ನು ಕಂಡು ಬೆರಗಾಗಿದ್ದೇವೆ. 1966ರ ಬೀಜ ಕಾಯ್ದೆ ಮಾರಾಟದ ಬೀಜದ ಗುಣಮಟ್ಟವನ್ನು ನೋಡುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39(2)ನೇ ಕಲಂ ತಳಿ ಹೇಳಿದಷ್ಟು ಫಲ ಕೊಡದಿದ್ದರೆ ಪರಿಹಾರ ಕೇಳುವ ಹಕ್ಕು ಕೊಟ್ಟಿದೆ, ಆದರೆ ಅದು ನೋಂದಾಯಿತ ತಳಿಯ ಮಾರಾಟಕ್ಕೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ, ಅಲ್ಲೂ ಕೊಂಡಿರಬೇಕು. ದುಡ್ಡು ಕೊಟ್ಟು ಕೊಂಡು ಮೋಸಹೋದವನಿಗೆ ಇರುವ ರಕ್ಷಣೆ, ನಂಬಿ ನೆಲ ಕೊಟ್ಟವನಿಗೆ ಇಲ್ಲ.

ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವಾಗ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಹಾನಿಯಾದರೆ ಪರಿಹಾರ ಕೊಡಬೇಕು. 2013ರ ತಿದ್ದುಪಡಿ, ನಂತರ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು ಇದನ್ನು ಸ್ಪಷ್ಟಪಡಿಸಿವೆ. ಕುಲಾಂತರಿ ಬೆಳೆಯ ಪ್ರಯೋಗಕ್ಕೆ ಕೇಂದ್ರ ಸಮಿತಿಯ ಅನುಮತಿಯ ಜೊತೆಗೆ 2011ರಿಂದ ರಾಜ್ಯದ ನಿರಾಕ್ಷೇಪಣಾ ಪತ್ರವೂ ಬೇಕಾಗಿದೆ. ಸಾಮಾನ್ಯ ಹೈಬ್ರಿಡ್ ತಳಿಯ ಪ್ರಯೋಗಕ್ಕೆ ಮಾತ್ರ ರೈತನ ಮಟ್ಟಿಗೆ ಯಾವ ಲಿಖಿತ ಆಸರೆಯೂ ಇಲ್ಲ. 1998ರಲ್ಲಿ ರಾಯಚೂರು ಭಾಗದಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬಿಟಿ ಹತ್ತಿ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಾಗ, ಹೊಲದಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ರೈತನಿಗೇ ತಿಳಿಸಿರಲಿಲ್ಲ ಎಂಬುದು ದೊಡ್ಡ ಆಕ್ಷೇಪಣೆಯಾಗಿತ್ತು. ಇಷ್ಟು ವರ್ಷಗಳ ಮೇಲೂ ಪೆರೇಸಂದ್ರದ ರೈತನಿಗೆ ತನ್ನ ಹೊಲದ ಗಿಡದ ಹೆಸರು ಗೊತ್ತಿಲ್ಲ.

ಎರಡನೆಯ ವಿಷಯ ನಾಟಿ ಬೀಜದ್ದು. ಇದೇ ಓಡಾಟದಲ್ಲಿ ಕಂಪನಿಯ ಪ್ರತಿನಿಧಿಗಳು ನಮ್ಮ ಹೆಣ್ಣುಮಕ್ಕಳಿಂದ ಸೊಗಡಿನ ಅವರೆ, ನಾಟಿ ಬದನೆ, ನಾಟಿ ಟೊಮೆಟೊ ಬೀಜಗಳನ್ನು ಸ್ಯಾಂಪಲ್ ಎಂದು ಹಿಡಿ ಹಿಡಿಯಾಗಿ ಪಡೆದಿದ್ದಾರೆ. ಜೀವವೈವಿಧ್ಯ ಕಾಯ್ದೆ 2002ರ 3ನೇ ಕಲಂ ಪ್ರಕಾರ ವಿದೇಶಿ ಕಂಪನಿಗಳು, ಮತ್ತು 2023ರ ತಿದ್ದುಪಡಿಯ ಭಾಷೆಯಲ್ಲಿ ವಿದೇಶಿ ನಿಯಂತ್ರಣದ ಕಂಪನಿಗಳು, ಸಂಶೋಧನೆಗಾಗಿ ಹೀಗೆ ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆದಿರಬೇಕು. ಇಂಥ ವಿಷಯದಲ್ಲಿ ನಿರ್ಧರಿಸುವಾಗ ಪ್ರಾಧಿಕಾರ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕೇಳಬೇಕೆಂದು 41ನೇ ಕಲಂ ಹೇಳುತ್ತದೆ. ಬಿಟಿ ಬದನೆಗೆ ನಮ್ಮ ರಾಜ್ಯದ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದ ಆರೋಪದ ಮೇಲೆ 2010ರಲ್ಲಿ ದೂರು ದಾಖಲಾಗಿ, ಮರುವರ್ಷ ಪ್ರಾಧಿಕಾರವೇ ಕಾನೂನು ಕ್ರಮಕ್ಕೆ ನಿರ್ಧರಿಸಿದ್ದು ತಮಗೆ ತಿಳಿದೇ ಇದೆ. ನಮ್ಮ ಅಜ್ಜಿಯರು ಬೂದಿ ಬೆರೆಸಿ ಮಡಕೆಯಲ್ಲಿ ಉಳಿಸಿಕೊಟ್ಟ ಬೀಜ ಅದು. ನಾಳೆ ಅದರ ಗುಣವನ್ನೇ ಸೇರಿಸಿದ ಪೊಟ್ಟಣವನ್ನು ನಾವೇ ದುಡ್ಡು ಕೊಟ್ಟು ಕೊಳ್ಳಬೇಕಾದ ಸ್ಥಿತಿ ಬರಬಾರದು.

ಇನ್ನುಳಿದವು ಸಣ್ಣವಾದರೂ ಗಮನಕ್ಕೆ ತರುತ್ತಿದ್ದೇವೆ. ಪ್ರಯೋಗದ ಹೊಲಗಳಲ್ಲಿ ಖಾಲಿ ಔಷಧಿ ಡಬ್ಬಿಗಳನ್ನು ಬದುವಿನಲ್ಲೇ ಬಿಟ್ಟು ಹೋಗುತ್ತಾರೆ. 2018ರ ಜುಲೈನಲ್ಲಿ ಗೌರಿಬಿದನೂರು ಕಡೆಯ ಮುಸುಕಿನ ಜೋಳದಲ್ಲಿ ಸೈನಿಕ ಹುಳುವನ್ನು ಸರ್ಕಾರಿ ವಿಜ್ಞಾನಿಗಳು ಗುರುತಿಸಿ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಅಂಥ ಸಮೀಕ್ಷೆ ಪೆರೇಸಂದ್ರ ಭಾಗದಲ್ಲೂ ಪ್ರತಿ ಹಂಗಾಮಿನಲ್ಲಿ ನಡೆಯಲಿ.

ಆದ ಕಾರಣ ನಮ್ಮ ಬೇಡಿಕೆಗಳು:

ಮೊದಲನೆಯದಾಗಿ, ಕಳೆದ ಬೇಸಿಗೆಯ ಪ್ರಯೋಗದಿಂದ ಬೆಳೆ ಕಳೆದುಕೊಂಡ ಎಲ್ಲರಿಗೂ, ಪಕ್ಕದ ಹೊಲದವರೂ ಸೇರಿದಂತೆ, ಆ ದಿನಗಳ ಎಪಿಎಂಸಿ ಸರಾಸರಿ ಧಾರಣೆಯ ಆಧಾರದಲ್ಲಿ ಕಂಪನಿಯಿಂದ ಪರಿಹಾರ ಕೊಡಿಸಬೇಕು. ಇದಕ್ಕಾಗಿ ತಮ್ಮ ಅಧ್ಯಕ್ಷತೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ಇಲಾಖೆ, ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು, ರೈತ ಪ್ರತಿನಿಧಿಗಳು ಇರುವ ಸಮಿತಿ ರಚಿಸಬೇಕು. ಬಿಲ್ ಕೇಳಬಾರದು.

ಎರಡನೆಯದಾಗಿ, ಮುಂದೆ ಜಿಲ್ಲೆಯಲ್ಲಿ ನಡೆಯುವ ಪ್ರತಿ ಪ್ರಯೋಗವೂ ಸರ್ವೆ ನಂಬರ್ ಸಮೇತ ಇಲಾಖೆಯಲ್ಲಿ ನೋಂದಣಿಯಾಗಬೇಕು, ಮಾಹಿತಿ ಗ್ರಾಮ ಪಂಚಾಯಿತಿಗೆ ಹೋಗಬೇಕು. ಒಪ್ಪಂದ ಕನ್ನಡದಲ್ಲಿರಬೇಕು, ಪ್ರತಿ ರೈತನ ಕೈಯಲ್ಲಿರಬೇಕು. ತಳಿ ಕುಲಾಂತರಿಯಲ್ಲ ಎಂಬ ಲಿಖಿತ ಘೋಷಣೆ ಬೇಕು. ಪಕ್ಕದ ಹೊಲಕ್ಕೆ ಎಷ್ಟು ಅಂತರವಿರಬೇಕೆಂದು ವಿಜ್ಞಾನಿಗಳು ನಿಗದಿಪಡಿಸಲಿ. ರೋಗ ಬದು ದಾಟುವ ಮುನ್ನ ಗಿಡ ಕೀಳುವ ಹಕ್ಕು ರೈತನಿಗೇ ಇರಬೇಕು; ಈ ಒಂದು ಅಂಶದಲ್ಲಿ ನಾವು ರಾಜಿಯಾಗುವುದಿಲ್ಲ. ನಷ್ಟ ಭರಿಸಲು ಕಂಪನಿ ಮೊದಲೇ ಜಿಲ್ಲಾಡಳಿತದಲ್ಲಿ ಠೇವಣಿ ಇಡಬೇಕು. ಹಂಗಾಮು ಮುಗಿದ ಮೇಲೆ ಯಾವ ಸಾಲು ಏನಾಯಿತು ಎಂಬ ಫಲಿತಾಂಶವನ್ನು ಹೊಲ ಕೊಟ್ಟವನಿಗೆ ಕನ್ನಡದಲ್ಲಿ ತಿಳಿಸಬೇಕು.

ಮೂರನೆಯದಾಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕಾಗದದಿಂದ ಹೊರಗೆ ತಂದು ಸಭೆ ನಡೆಸಬೇಕು. 41(3)ನೇ ಕಲಂ ಅಡಿಯ ಸಂಗ್ರಹ ಶುಲ್ಕ ವಸೂಲಾಗಬೇಕು. ಈಗಾಗಲೇ ಒಯ್ದ ಬೀಜಗಳ ಪಟ್ಟಿಯನ್ನು ಕಂಪನಿಯಿಂದ ತರಿಸಬೇಕು.

ಇದರೊಂದಿಗೆ, ಕಂಪನಿಗಳ ಸಂಶೋಧನಾ ಫಾರಂಗಳಲ್ಲಿ ಮೇಲ್ವಿಚಾರಕರ ಕೆಲಸಕ್ಕೆ ನಮ್ಮ ಗ್ರಾಮಗಳ ಕೃಷಿ ಡಿಪ್ಲೊಮಾ ಓದಿದ ಯುವಕ ಯುವತಿಯರಿಗೆ ಆದ್ಯತೆ ನೀಡಬೇಕು. ಸಿಬ್ಬಂದಿ ಓಡಾಟಕ್ಕೆ ಸ್ಥಳೀಯರ ವಾಹನಗಳನ್ನೇ ಬಾಡಿಗೆಗೆ ಪಡೆಯಬೇಕು. ನಾರಿನ ಸರಬರಾಜನ್ನು ಹೊರಗಿನವರಿಗೆ ಕೊಡದೆ ನಮ್ಮ ಗ್ರಾಮಗಳ ನರ್ಸರಿಯವರಿಗೆ ವಹಿಸಬೇಕು. ಈ ಹಿಂದೆಯೇ ಕಂಪನಿಗಳಿಗೆ ಜಮೀನು ಗುತ್ತಿಗೆ ಕೊಟ್ಟಿರುವ ರೈತರ ಗುತ್ತಿಗೆ ಹಣ ಇಂದಿನ ದರಕ್ಕೆ ಪರಿಷ್ಕರಣೆಯಾಗಬೇಕು. ಕಂಪನಿ ವಾಹನಗಳ ಓಡಾಟದಿಂದ ಹಾಳಾದ ಬಂಡಿದಾರಿಗೆ ಕೊನೆಯ ತೋಟದವರೆಗೂ ಜಲ್ಲಿ ಹಾಕಿಸಿಕೊಡಬೇಕು.

ಮುಂದಿನ ನಾಟಿಯ ಕಾಲ ಹತ್ತಿರ ಬಂದಿದೆ, ಪ್ರತಿನಿಧಿಗಳು ಆಗಲೇ ಹೊಲ ನೋಡಿಕೊಂಡು ಹೋಗುತ್ತಿದ್ದಾರೆ. ಅದಕ್ಕೂ ಮುನ್ನ ಪೆರೇಸಂದ್ರದಲ್ಲೇ, ಕಂಪನಿಯ ಜವಾಬ್ದಾರಿಯುತ ಅಧಿಕಾರಿಗಳನ್ನೂ ಕರೆಸಿ, ತಾವು ಒಂದು ಸಭೆ ನಡೆಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಅಷ್ಟರೊಳಗೆ ಸಭೆ ನಡೆಯದಿದ್ದರೆ, ಕನ್ನಡದ ಒಪ್ಪಂದವಿಲ್ಲದೆ ಯಾವ ಕಂಪನಿಗೂ ಒಂದು ಗುಂಟೆಯನ್ನೂ ಪ್ರಯೋಗಕ್ಕೆ ಕೊಡಬಾರದೆಂಬ ನಿರ್ಣಯವನ್ನು ಗ್ರಾಮಸಭೆಗಳಲ್ಲಿ ಮಂಡಿಸಲಿದ್ದೇವೆ.



ತಮ್ಮ ವಿಶ್ವಾಸಿಗಳು,
ಪೆರೇಸಂದ್ರ ಹಾಗೂ ಸುತ್ತಮುತ್ತಲ ಗ್ರಾಮಗಳ ರೈತರು

ಪ್ರತಿ: ಸದಸ್ಯ ಕಾರ್ಯದರ್ಶಿಗಳು, ಕರ್ನಾಟಕ ಜೀವವೈವಿಧ್ಯ ಮಂಡಳಿ, ಬೆಂಗಳೂರು, ಜಂಟಿ ಕೃಷಿ ನಿರ್ದೇಶಕರು ಮತ್ತು ತೋಟಗಾರಿಕೆ ಉಪನಿರ್ದೇಶಕರು, ಚಿಕ್ಕಬಳ್ಳಾಪುರ.